ವಿಭೂತಿ ಹಚ್ಚಿಕೊಂಡ ಲೋಳೆಸರ

ನನ್ನ ಮಾವ ಒಂದೂವರೆ ತಿಂಗಳು ಹುಳವನ್ನು ಹಣೆಗೆ ಹಚ್ಚಿಕೊಂಡು ಕಚೇರಿಗೆ ಹೋದರು. ಇದನ್ನು ಈಗ ಹೇಳಿದರೆ ಮನೆಯವರು, ಸತ್ತವರ ಬಗ್ಗೆ ಹಾಗೆಲ್ಲ ಅನ್ನಬಾರದು ಎನ್ನುತ್ತಾರೆ. ಅನ್ನಬಾರದು, ನಿಜ. ಆದರೆ ಹಚ್ಚಿಕೊಂಡವರು ಅವರು, ನಾನಲ್ಲ. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದವಳು. ನೋಡಿದ್ದಕ್ಕೆ ನನಗೂ ಶಿಕ್ಷೆಯಾಯಿತು, ಆ ಮಾತು ಕೊನೆಗೆ ಬರುತ್ತದೆ.

ಹೈದರಾಬಾದ್ ಸಂಸ್ಥಾನ ಹೋಗಿ, ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದು ಅದು. ನಾನು ಆಗತಾನೆ ಮದುವೆಯಾಗಿ ಯಾದಗಿರಿಗೆ ಬಂದಿದ್ದೆ. ತವರು ಸುರಪುರದ ಹತ್ತಿರದ ದೇವಾಪುರ. ನಮ್ಮಪ್ಪನಿಗೆ ಒಣಬೇಸಾಯದ ಹೊಲ, ಹತ್ತಾರು ಆಡು. ಮದುವೆಗೆ ಒಂದು ವರ್ಷ ಮುಂಚೆ ನಮ್ಮವ್ವ ತೀರಿಕೊಂಡಿದ್ದಳು. ಅವಳದು ಅಂತ ಉಳಿದದ್ದು ಎರಡು ಸೀರೆ, ಹಿತ್ತಲಿನ ಜಳಕದ ಕಲ್ಲಿನ ಪಕ್ಕ ಕಂಠ ಒಡೆದ ಗಡಿಗೆಯಲ್ಲಿದ್ದ ಒಂದು ಲೋಳೆಸರದ ಗಿಡ. ಸೀರೆ ಅಕ್ಕನ ಪಾಲಾದವು. ಗಡಿಗೆ ನನಗೆ ಬಂತು. ಕೈ ಸುಟ್ಟರೆ, ಕಣ್ಣು ಉರಿದರೆ, ತಲೆ ಕಾದರೆ ಅವ್ವ ಆ ಗಿಡದ ಎಲೆಯನ್ನೇ ಸೀಳಿ ಲೋಳೆ ಹಚ್ಚುತ್ತಿದ್ದಳು. ಈಗಲೂ ಆ ಕಹಿ ವಾಸನೆ ಬಂದರೆ ನನಗೆ ಅವಳ ಅಂಗೈ ನೆನಪಾಗುತ್ತದೆ.

ಮದುವೆಯಾಗಿ ಬರುವಾಗ ಆ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುರಪುರದಲ್ಲಿ ಬಸ್ಸು ಹತ್ತಿದೆ. ಶಹಾಪುರದವರೆಗೆ ಕಂಡಕ್ಟರ್ ಗೊಣಗಿದ, ಶಹಾಪುರದಿಂದ ಮುಂದೆ ನನ್ನ ಗಂಡ ಗೊಣಗಿದರು. ಯಾದಗಿರಿಯ ಮನೆ ಬಾಗಿಲಲ್ಲಿ ನಮ್ಮತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಗಡಿಗೆ ನೋಡಿದರು.

“ತವರಮನಿ ಆಸ್ತಿ ತಂದಾಳ ನೋಡ್ರಿ. ಎಲ್ಲಾರ ಸೊಸ್ತ್ಯಾರು ತಾಮ್ರದ ಕೊಡ ತರ್ತಾರ, ನಮ್ಮಾಕಿ ಕಳ್ಳಿ ತಂದಾಳ!”

ಲೋಳೆಸರಕ್ಕೂ ಕಳ್ಳಿಗೂ ವ್ಯತ್ಯಾಸ ತಿಳಿಯದ ಮನೆಗೆ ನನ್ನನ್ನು ಕೊಟ್ಟಿದ್ದಾರೆ ಎಂದು ನನಗೆ ಆ ಕ್ಷಣಕ್ಕೇ ಖಾತ್ರಿಯಾಯಿತು. ಆ ಅಭಿಪ್ರಾಯ ಮುಂದೆ ಬದಲಾಗಲೂ ಇಲ್ಲ.

ಮಾವ ತಹಶೀಲ ಕಚೇರಿಯಲ್ಲಿ ಕಡತ ಬರೆಯುವ ಪೇಷ್ಕಾರರು. ಹಳೆಯ ಸರ್ಕಾರದ ಕಾಲದಲ್ಲಿ ಕಡತವೆಲ್ಲ ಉರ್ದುವಿನಲ್ಲಿ ಇರುತ್ತಿತ್ತು, ಅವರ ಉರ್ದು ಅಕ್ಷರ ಮುತ್ತಿನಂತಿತ್ತು. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮುತ್ತು ಬರೆದವರಿಗೆ ಮನೆಯ ಮಾತಿನ ಅಕ್ಷರ ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕನ್ನಡ ಮಾತಾಡಿ, ಕನ್ನಡದಲ್ಲೇ ಜಗಳಾಡಿ, ಸಹಿ ಮಾತ್ರ ಬಲದಿಂದ ಎಡಕ್ಕೆ ಹಾಕುತ್ತಿದ್ದರು. ಈಗ ಕಚೇರಿಗೆ ಮೈಸೂರು ಕಡೆಯ ಹೊಸ ಸಾಹೇಬರು ಬಂದಿದ್ದರು. ಇನ್ನು ಮುಂದೆ ಕನ್ನಡದಲ್ಲಿ ಬರೆಯಬೇಕು, ಬರದವರು ಕಲಿಯಬೇಕು, ಕಲಿಯದವರ ವಿಚಾರ ಆಮೇಲೆ ನೋಡೋಣ ಎಂದಿದ್ದರಂತೆ. ಆ ‘ಆಮೇಲೆ ನೋಡೋಣ’ ಎನ್ನುವುದು ನಮ್ಮ ಮಾವನ ಊಟ ಕೆಡಿಸಿತ್ತು. ಸಂಜೆ ಬಂದು ಪಾಟಿ, ಬಳಪ ಹಿಡಿದು ಕೂತು ‘ಕ’ ತಿದ್ದುತ್ತಿದ್ದರು. ಯಾರಾದರೂ ಬಂದರೆ ಪಾಟಿಯನ್ನು ಜಮಖಾನೆಯ ಕೆಳಗೆ ತಳ್ಳಿ, ಮೀಸೆ ತಿರುವುತ್ತ, “ಬರ್ರಿ ಬರ್ರಿ” ಎನ್ನುತ್ತಿದ್ದರು.

ಕಲಿಯುವುದು ಸಾಗಲಿಲ್ಲ. ಆದ್ದರಿಂದ ದೃಷ್ಟಿ ತಗುಲಿದೆ ಎಂದು ತೀರ್ಮಾನವಾಯಿತು. ನಮ್ಮ ಕಡೆ ದೃಷ್ಟಿಗೆ ಲೋಳೆಸರವನ್ನು ಬೇರು ಸಮೇತ ಕಿತ್ತು, ಕರಿ ದಾರದಲ್ಲಿ ಕಟ್ಟಿ, ತಲೆಬಾಗಿಲಿಗೆ ತಲೆಕೆಳಗಾಗಿ ತೂಗುಹಾಕುತ್ತಾರೆ. ಮಣ್ಣಿಲ್ಲ, ನೀರಿಲ್ಲ, ಆದರೂ ಅದು ಗಾಳಿಯಲ್ಲೇ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಆ ಜೀವ ನೋಡಿಯೇ ಜನ ಅದಕ್ಕೆ ಕೈ ಮುಗಿಯುತ್ತಾರೆ.

ನನ್ನ ಕಳ್ಳಿ ಒಮ್ಮೆಲೇ ಲೋಳೆಸರವಾಯಿತು. “ತಂಗಿ, ನಿಮ್ಮವ್ವನ ಗಿಡದಾಗಿಂದು ಒಂದು ಮರಿ ತಗದು ಕೊಡು” ಎಂದು ಮಾವ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. ನಾನು ಗಡಿಗೆಗೆ ಕೈ ಹಾಕಿ ಒಂದು ಮರಿ ಬಿಡಿಸಿದೆ. ಬೇರಿನ ತುಂಬ ಬಿಳಿ ಚುಕ್ಕೆ ಅಂಟಿದ್ದವು.

“ಏನಿದು ಬೆಳ್ಳಗ?” ಎಂದರು ಅತ್ತೆ.

“ಸುಣ್ಣರಿ. ನಮ್ಮ ದೇವಾಪುರದ ಎರಿ ಮಣ್ಣಾಗ ಸುಣ್ಣದ ಹಳ್ಳು ಇರ್ತಾವ. ಅದಕ್ಕ ನಮ್ಮ ಕಡಿ ಜ್ವಾಳ ಅಷ್ಟು ಚಲೋ” ಎಂದೆ. ಕೇಳದಿದ್ದ ಜೋಳದ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ತವರಿನ ಮಣ್ಣಿನ ಸುದ್ದಿ ಬಂದರೆ ನನಗೆ ಹಾಗೆ ಆಗುತ್ತಿತ್ತು.

ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಮಾವ ತಲೆಬಾಗಿಲಲ್ಲಿ ನಿಂತು ಕೂಗಿದರು.

“ಏ, ಕೇಳಾಕತ್ತೀ ಏನ? ಹೊರಗ ಬಾ ಲಗೂನ! ದೇವರು ವಿಭೂತಿ ಹಚ್ಕೊಂಡಾನ ನೋಡು!”

ಅತ್ತೆ ಓಡಿದರು, ಹಿಂದೆ ನಾನು. ತೂಗುತ್ತಿದ್ದ ಗಿಡದ ಎಲೆಗಳ ಬುಡದಲ್ಲಿ, ಸಂದಿಸಂದಿಯಲ್ಲಿ ಬೆಳ್ಳನೆಯ ಹಿಟ್ಟು. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ನಾನು ಹತ್ತಿರ ಹೋಗಿ ನೋಡಿದೆ. ಹಿಟ್ಟಿನೊಳಗೆ ಕಾಲು ಕಂಡವು. ಚಪ್ಪಟೆ ಮೈ, ಅಂಚಿಗೆಲ್ಲ ಬಿಳಿ ಎಳೆ. ಹತ್ತಿ ಗಿಡದ ಮೇಲೆ, ದಾಸವಾಳದ ಮೊಗ್ಗಿನ ಮೇಲೆ ನಾನು ನೂರು ಸಲ ಕಂಡದ್ದು.

“ಮಾವಾರ, ಅದು ವಿಭೂತಿ ಅಲ್ರಿ, ಹುಳ. ಗಿಡದ ರಸ ಹೀರ್ತಾವ. ತಂಬಾಕಿನ ನೀರಾಗ ಬಟ್ಟಿ ಅದ್ದಿ ಒರಸಿದ್ರ ಹೋಗ್ತಾವ್ರಿ.”

ಮಾವ ನನ್ನ ಕಡೆ ತಿರುಗಲೂ ಇಲ್ಲ. ಹೆಂಡತಿಗೆ ಹೇಳಿದರು: “ಆಡಿನ ಹಿಕ್ಕಿ ಬಳ್ಯಾಕಿ ನನಗ ವಿಭೂತಿ ಯಾವುದು, ಹುಳ ಯಾವುದು ಅಂತ ಕಲಿಸಾಕತ್ತಾಳ. ಒಳಗ ಹೋಗಂತ ಹೇಳು ಆಕಿಗಿ.”

ನಾನು ಒಳಗೆ ಹೋದೆ. ಇನ್ನು ಈ ವಿಷಯದಲ್ಲಿ ಬಾಯಿ ತೆರೆದರೆ ಕೇಳಿ ಎಂದು ಒಲೆಯ ಮುಂದೆ ಕೂತು ಆಣೆ ಹಾಕಿಕೊಂಡೆ. ಹಚ್ಚಿಕೊಳ್ಳಲಿ, ಬೇಕಾದರೆ ನೆಕ್ಕಲಿ. ಮಾವ ಮೂರು ಬೆರಳಿನಲ್ಲಿ ಆ ಹಿಟ್ಟನ್ನು ಭಕ್ತಿಯಿಂದ ತೆಗೆದು, ಹಣೆಗೆ ಅಡ್ಡ ಎಳೆದುಕೊಂಡು, ಕೊಡೆ ಹಿಡಿದು ಹೊರಟರು. ಅವರ ಗ್ರಹಚಾರಕ್ಕೆ ಅದೇ ದಿನ ಕಚೇರಿಯಲ್ಲಿ ಬೇರೆ ಊರಿಗೆ ಹಾಕಿದವರ ಪಟ್ಟಿ ಬಂತು, ಅದರಲ್ಲಿ ಅವರ ಹೆಸರು ಇರಲಿಲ್ಲ. ಸಂಜೆ ಪೇಢೆ ತಂದು ಮೊದಲು ಗಿಡಕ್ಕೆ ತೋರಿಸಿದರು. ಪಾಟಿ ಅಂದಿನಿಂದ ಜಮಖಾನೆಯ ಕೆಳಗೇ ಉಳಿಯಿತು. ದೇವರೇ ನೋಡಿಕೊಳ್ಳುವಾಗ ‘ಕ’ ಯಾರಿಗೆ ಬೇಕು?

ಸುದ್ದಿ ಓಣಿಗೆ ಹರಡಿತು. ಆಮೇಲೆ ಬಂದವರನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಓದಿದವರೂ ಬಂದರು. ಒಬ್ಬ ಶಾಲೆ ಮಾಸ್ತರರ ಹೆಂಡತಿ, ಎಲೆಯ ತುದಿಯಲ್ಲಿ ಅಂಟಂಟಾಗಿ ಇಳಿಯುತ್ತಿದ್ದುದನ್ನು ಬೆರಳಿನಿಂದ ಮುಟ್ಟಿ, ನಾಲಿಗೆಗೆ ಹಚ್ಚಿಕೊಂಡು, “ಸಿಹಿ ಅದರೀ! ತೀರ್ಥ ಅದ!” ಎಂದರು. ಆ ಹುಳ ರಸ ಕುಡಿದು ಹಿಂದಿನಿಂದ ಬಿಡುವುದು ಸಿಹಿಯಾಗಿಯೇ ಇರುತ್ತದೆ, ಇರುವೆಗಳಿಗೆ ಅದು ಗೊತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆಮನೆಗೆ ಓಡಿದೆ. ನನಗೂ ಭಕ್ತಿ ಬಂತು ಎಂದುಕೊಂಡರು.

ಎಲ್ಲರಿಗೂ ಅದೇ ತಳಿಯ ಮರಿ ಬೇಕು. ಅತ್ತೆ ದೊಡ್ಡ ಮನಸ್ಸಿನಿಂದ ನನ್ನ ಗಡಿಗೆಯನ್ನು ದಾನ ಮಾಡತೊಡಗಿದರು. “ಹುಡುಗೀ, ಅವರಿಗೊಂದು ಕಿತ್ತಕೊಡು. ಇವರಿಗೊಂದು ಕಿತ್ತಕೊಡು.” ನಾನು ಬೇಡವೆನ್ನಲಿಲ್ಲ. ಬಗ್ಗಿ ಮರಿ ಬಿಡಿಸಿ, ಬೇರಿನ ಬಿಳಿ ಚುಕ್ಕೆ ಸಮೇತ ಒಬ್ಬೊಬ್ಬರ ಕೈಗೆ ಹಾಕಿದೆ. ಕೆಲವೇ ದಿನಗಳಲ್ಲಿ ಓಣಿಯ ಏಳೆಂಟು ಬಾಗಿಲಲ್ಲಿ ವಿಭೂತಿ ಕಾಣಿಸಿಕೊಂಡಿತು. ಯಾರ ಮನೆಯಲ್ಲಿ ಹೆಚ್ಚು ಬಂತು ಎಂದು ನೀರು ತರುವ ಹೆಂಗಸರಲ್ಲಿ ಪೈಪೋಟಿ ನಡೆಯುತ್ತಿತ್ತು. ನನಗೆ ಅಷ್ಟು ಸುಖದ ದಿನಗಳು ಆ ಮನೆಯಲ್ಲಿ ಆಮೇಲೆ ಬರಲಿಲ್ಲ.

ಕೊನೆಗೆ ಮೀನು ಮಾರುವವಳು ಬಂದಳು. ಭೀಮೆಯಲ್ಲಿ ಬಲೆ ಹಾಕುತ್ತಿದ್ದ ಗಂಡ ಸತ್ತ ಮೇಲೆ, ಮೈದುನರು ಹಿಡಿದ ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದಳು. ನಮ್ಮ ಓಣಿಯಲ್ಲಿ ಅವಳು ಕೂಗುವಂತಿರಲಿಲ್ಲ, ಸುಮ್ಮನೆ ದಾಟಬೇಕು. ಅವಳು ಅಂಗಳದ ಆಚೆ ಬುಟ್ಟಿ ಇಳಿಸಿ, ಇನ್ನೂ ದೂರ ಹೋಗಿ ನಿಂತು ಕೇಳಿದಳು: “ಯವ್ವಾ, ನನಗೂ ಒಂದು ಸಣ್ಣ ಮರಿ ಕೊಡ್ತೀರೇನ್ರಿ?”

ಅತ್ತೆ ಮೂಗಿಗೆ ಸೆರಗು ಹಿಡಿದು, ನನ್ನ ಕೈಯಿಂದ ಮರಿಯನ್ನು ಕಸಿದು ಅವಳ ಕಡೆ ಎಸೆದರು. ಅವಳು ಉಡಿಯೊಡ್ಡಿ ಹಿಡಿದಳು.

ಆ ಹೆಂಗಸಿನ ತಲೆ ಬೇರೆಯೇ ರೀತಿ ಓಡುತ್ತಿತ್ತು. ಉಳಿದವರೆಲ್ಲ ವಿಭೂತಿ ಅಳಿಸೀತೆಂದು ಗಿಡದ ಹತ್ತಿರ ಉಸಿರು ಬಿಡಲೂ ಹೆದರುತ್ತಿದ್ದರೆ ಇವಳು ಅದಕ್ಕೆ ದಿನಾ ಜಳಕ ಮಾಡಿಸುತ್ತಿದ್ದಳು. ಬೆಳಗ್ಗೆ ಹೊಳೆಗೆ ಹೋದವಳು ಒಂದು ತಂಬಿಗೆ ನೀರು ತಂದು, ಹಳೆ ಸೀರೆಯ ಚೂರಿನಿಂದ ಎಲೆಎಲೆಯ ಸಂದಿ ಒರೆಸಿ, ಬೇರನ್ನೂ ತಿಕ್ಕಿ ತೊಳೆದು ಗಾಳಿಗೆ ಬಿಡುತ್ತಿದ್ದಳು. ಒಮ್ಮೆ ಅವಳು ನಮ್ಮ ಹಿತ್ತಲ ಕಡೆಯಿಂದ ಹೋಗುವಾಗ, ಯಾಕೆ ತೊಳೆಯುತ್ತೀ ಎಂದು ನಾನೇ ಕೇಳಿದ್ದೆ.

“ದೇವರಿಗಿ ಜಳಕ ಇಲ್ಲದ ಹ್ಯಾಂಗ ಇಡೂದ್ರಿ?” ಎಂದಳು. “ಇರುವಿ ಬ್ಯಾರೆ ಕಡೀತಾವ ಅವಗ. ಹಳೇ ಬೂದಿ ತೊಳದ್ರ ಹೊಸಾದು ತಾನೇ ಹಚ್ಕೋತಾನ.”

ಹೊಸದು ಬರಲಿಲ್ಲ. ಎಲ್ಲಿಂದ ಬಂದೀತು? ಹುಳವನ್ನೆಲ್ಲ ಭೀಮೆಯ ನೀರಿನಲ್ಲಿ ತೊಳೆದು ಚರಂಡಿಗೆ ಬಿಟ್ಟಿದ್ದಳು. ಅವಳ ಬಾಗಿಲ ಗಿಡ ಹಸಿರಾಗಿ, ಬೋಳಾಗಿ ತೂಗುತ್ತಿತ್ತು. ಓಣಿಯವರಿಗೆ ಇದಕ್ಕಿಂತ ಚೆನ್ನಾದ ಸುದ್ದಿ ಬೇಕಿರಲಿಲ್ಲ. “ಮೀನಿನ ವಾಸನಿಗಿ ದೇವರು ಬಿಟ್ಟು ಹೋಗ್ಯಾನ” ಎಂದು ಅವಳ ಮುಖಕ್ಕೇ ಅಂದರು. ಯಾಕೆ ಬಿಳಿ ನಿಂತಿತು ಎನ್ನುವುದು ಆ ಓಣಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಆಣೆ ಹಾಕಿದ್ದೆನಲ್ಲ, ಸುಮ್ಮನಿದ್ದೆ. ನಾಲ್ಕು ಹೆಂಗಸರು ನಕ್ಕಾಗ ನಾನೂ ನಕ್ಕೆ.

ನನ್ನ ಗಡಿಗೆಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಅದನ್ನು ಜಳಕದ ಮನೆಯ ಹಿಂದೆ ಸರಿಸಿ, ಎರಡು ದಿನಕ್ಕೊಮ್ಮೆ ತಂಬಾಕಿನ ನೀರಿನಲ್ಲಿ ಎಲೆ ಒರೆಸುತ್ತಿದ್ದೆ. ಒಂದೇ ಒಂದು ಬಿಳಿ ಚುಕ್ಕೆ ಇಲ್ಲ. ಎಲೆ ಸ್ವಲ್ಪ ತೆಳ್ಳಗಾಗಿ ಕೆಂಪು ತಿರುಗಿದ್ದವು, ಯಾದಗಿರಿಯ ಬಿಸಿಲಿಗೆ ಎಂದುಕೊಂಡೆ. ಊರಿನ ಪೆದ್ದರ ಬಾಗಿಲಿಗೆಲ್ಲ ಹುಳ ಕಳಿಸಿ, ನಮ್ಮವ್ವನ ಗಿಡವನ್ನು ಮಾತ್ರ ಕಾಪಾಡಿಕೊಂಡಿದ್ದೇನೆ ಎಂಬ ಜಂಬ ನನಗಿತ್ತು.

ಇಷ್ಟರಲ್ಲಿ ಹೊಸ ಸಾಹೇಬರು ಒಂದು ಭಾನುವಾರ ಬೆಳಗ್ಗೆ ನಮ್ಮ ಓಣಿಯಲ್ಲಿ ನಡೆದು ಬಂದರು. ಮಾವ ಅಂಗಳಕ್ಕೆ ಹಾರಿದರು. ಕೈ ಜೋಡಿಸಿ ಒಳಗೆ ಕರೆದರು, ಚಹಾಕ್ಕೆ ಹೇಳಿದರು, ಪವಾಡದ ಕತೆ ಹೇಳಿದರು. ಆಮೇಲೆ ಗಿಡದಿಂದ ದೊಡ್ಡ ಚಿಟಿಕೆ ತೆಗೆದು, “ಪರಸಾದ್ರಿ ಸಾಹೇಬ್ರ, ಹಣಿಗಿ ಹಚ್ಕೋರಿ” ಎಂದು ಅವರ ಅಂಗೈಗೆ ಹಾಕಿದರು. ನಾನು ಚಹಾದ ಬಸಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ.

ಸಾಹೇಬರು ಕನ್ನಡಕ ಏರಿಸಿಕೊಂಡು ಅಂಗೈ ನೋಡಿದರು. ಪ್ರಸಾದ ನಡೆಯತೊಡಗಿತ್ತು. ಅದು ಅವರ ಹೆಬ್ಬೆರಳಿನವರೆಗೆ ಹೋಗುವ ತನಕ ಕಾದರು.

“ಪೇಷ್ಕಾರ್ರೇ, ಇದು ಹಿಟ್ಟುತಿಗಣೆ ಕಣ್ರೀ. ನಮ್ಮ ಕಡೆ ದಾಸವಾಳಕ್ಕೆ ಬರುತ್ತೆ.” ಆಮೇಲೆ ಮಾವನ ಹಣೆಯನ್ನು ನೋಡಿದರು. “ನೀವು ದಿನಾ ಹಚ್ಚಿಕೊಂಡು ಬರ್ತಿದ್ದದ್ದೂ ಇದೇನಾ?”

ಮಾವನ ಕೈ ಹಣೆಗೆ ಹೋಯಿತು. ಆಗ ನಾನು ನಕ್ಕೆ. ತಡೆದುಕೊಳ್ಳಬಹುದಿತ್ತು, ತಡೆದುಕೊಳ್ಳಲಿಲ್ಲ. ಬಸಿ ಕುಲುಕುವಷ್ಟು ಜೋರಾಗಿ ನಕ್ಕೆ. ಸಾಹೇಬರು ನಗಲಿಲ್ಲ, ಅವರು ಒಳ್ಳೆಯವರು. “ಕನ್ನಡ ಬರೆಯೋದು ಎಲ್ಲಿಗೆ ಬಂತು?” ಎಂದು ಮಾತು ತಿರುಗಿಸಿದರು. ಅದು ಇನ್ನೂ ಕೆಟ್ಟದಾಯಿತು.

ಅವರು ಹೋದ ಮೇಲೆ ಮಾವ ಹಣೆ ತೊಳೆದುಕೊಂಡರು. ಒಂದು ಸಲವಲ್ಲ, ಮೂರು ಸಲ. ದಾರ ಕಡಿದು ಗಿಡವನ್ನು ತಿಪ್ಪೆಗೆ ಎಸೆದು ಬಂದು ನನ್ನ ಮುಂದೆ ನಿಂತರು. ಬೈಯುತ್ತಾರೆ ಎಂದುಕೊಂಡಿದ್ದೆ.

“ನಿನಗ ಗೊತ್ತಿತ್ತು” ಎಂದರು.

“ಹೇಳಿದ್ನಲ್ರಿ. ನೀವೇ ಒಳಗ ಹೋಗು ಅಂದ್ರಿ.”

“ಅಂದೆ. ಒಂದ ಸಲ ಅಂದೆ. ದಿನಾ ಹಣಿಗಿ ಹಚ್ಕೊಂಡು ಹೋಗೂದು ದಿನಾ ನೋಡೀದಿ.”

ಅವರು ಜಮಖಾನೆ ಎತ್ತಿ ಪಾಟಿ ತೆಗೆದುಕೊಂಡು ಮೂಲೆಗೆ ಹೋಗಿ ಕೂತರು. ನನಗೆ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಹಿತ್ತಲಿಗೆ ಹೋದೆ. ಬೇಸರವಾದಾಗ ಅವ್ವನ ಗಿಡದ ಹತ್ತಿರ ಕೂರುವುದು ನನ್ನ ರೂಢಿ.

ಒಂದು ಎಲೆ ಬಾಗಿತ್ತು. ಎತ್ತಿ ನಿಲ್ಲಿಸೋಣವೆಂದು ಹಿಡಿದರೆ ಇಡೀ ಗಿಡ ನನ್ನ ಕೈಗೆ ಬಂತು. ಬೇರುಗಳೇ ಇಲ್ಲ. ಬುಡ ಕೊಳೆತು ಕಪ್ಪಗಾಗಿತ್ತು. ಗಡಿಗೆಯ ಮಣ್ಣನ್ನು ಕೆದಕಿದೆ. ತುಂಬ ಬಿಳಿ ಚುಕ್ಕೆ, ನಮ್ಮ ದೇವಾಪುರದ ಸುಣ್ಣ. ಒಂದನ್ನು ಉಗುರಿನ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದೆ. ಅದು ನಡೆಯಿತು.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು ಅದನ್ನೇ. ಮಾವನ ಬಾಗಿಲಿಗೆ, ಓಣಿಯ ಬಾಗಿಲುಗಳಿಗೆ ಹೋದದ್ದೂ ಈ ಗಡಿಗೆಯಿಂದಲೇ. ಎರಡು ದಿನಕ್ಕೊಮ್ಮೆ ಎಲೆ ಒರೆಸಿದ ಜಾಣೆ ಒಂದು ಸಲವೂ ಬುಡ ಬಗೆದು ನೋಡಿರಲಿಲ್ಲ. ಮರಿ ಕೀಳುವಾಗಲೆಲ್ಲ ಕಣ್ಣಿಗೆ ಬಿದ್ದದ್ದನ್ನು ತವರಿನ ಮಣ್ಣು ಎಂದು ಹೆಮ್ಮೆಪಟ್ಟಿದ್ದೆ. ಅವರು ಹಣೆಗೆ ಹಚ್ಚಿಕೊಂಡಿದ್ದರೆ ನಾನು ತಲೆಯ ಮೇಲೆ ಹೊತ್ತುಕೊಂಡಿದ್ದೆ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಮರುದಿನ, ಅವ್ವನ ಗಿಡದ ಒಂದು ಮರಿಯಾದರೂ ಎಲ್ಲಿಯಾದರೂ ಉಳಿದಿದೆಯೇ ಎಂದು ಓಣಿಯಲ್ಲೆಲ್ಲ ಕೇಳಿದೆ. ಸಾಹೇಬರ ಮಾತು ಮನೆಮನೆಗೆ ತಲುಪಿತ್ತು. ಭಕ್ತರೆಲ್ಲ ತಮ್ಮ ತಮ್ಮ ದೇವರನ್ನು ಕಿತ್ತು ಬೆಂಕಿಗೆ ಹಾಕಿದ್ದರು. ತೀರ್ಥ ಸವಿದ ಮಾಸ್ತರರ ಹೆಂಡತಿಯಂತೂ ಅಂಥ ಗಿಡವೇ ತಮ್ಮ ಮನೆಗೆ ಬಂದಿರಲಿಲ್ಲ ಎಂದು ಆಣೆ ಮಾಡಿದರು. ಉಳಿದದ್ದು ಒಂದೇ ಮನೆ.

ಹೊಳೆಯ ದಾರಿಯಲ್ಲಿದ್ದ ಆ ಗುಡಿಸಲಿನ ಬಾಗಿಲಲ್ಲಿ ಗಿಡ ತೂಗುತ್ತಿತ್ತು. ದಪ್ಪ ಎಲೆ, ಬಿಳಿಯ ಸುಳಿವಿಲ್ಲ, ಗಾಳಿಯಲ್ಲಿ ತೊಳೆದು ಒಣಗಿದ ಶುದ್ಧ ಬೇರು. ಬುಟ್ಟಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅವಳು ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು. ಕೆನ್ನೆ ಒಳಗೆ ಹೋಗಿದ್ದವು. ಅವಳಿಗೆ ಸಾಹೇಬರ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ಅವಳ ಹತ್ತಿರ ನಿಂತು ಮಾತಾಡುವವರು ಯಾರು?

ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು: “ಸೊಸಿಯವ್ವಾರ, ನೀವು ತಿಳದೋರಿದ್ದೀರಿ. ನಮ್ಮನ್ಯಾಗ ಬೂದಿ ಯಾಕ ನಿಂತೈತ್ರಿ? ಮೀನ ಮುಟ್ಟೂದು ಬಿಟ್ಟೀನಿ. ನಾಕು ವಾರಾತು, ಬುಟ್ಟಿ ಹೊತ್ತಿಲ್ಲ. ಒಂದ ಹೊತ್ತು ಉಣ್ಣಾಕತ್ತೀನಿ. ಇನ್ನೇನ ಬಿಡಬೇಕ್ರಿ?”

ನಿಂತಲ್ಲೇ ಹೇಳಿದೆ. ಅದು ಬೂದಿ ಅಲ್ಲ, ಹುಳ. ನೀನು ತೊಳೆದದ್ದಕ್ಕೆ ಹೋಯಿತು. ತಪ್ಪು ನಿನ್ನದೇನೂ ಇಲ್ಲ. ಹುಳ ಬಂದದ್ದೇ ನನ್ನ ಗಡಿಗೆಯಿಂದ.

ಅವಳು ಬಾಗಿಲ ಗಿಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ನಿಮಗ ಮೊದಲೇ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಎಲ್ಲಾರೂ ನಕ್ಕಾಗೂ ಗೊತ್ತಿತ್ತೇನ್ರಿ?”

ನಾನು ಹೌದೆಂದು ತಲೆಯಾಡಿಸಿದೆ. ಅವಳು ಬೈಯಲಿಲ್ಲ. ನನಗೇನು ಬೇಕು ಎಂದು ಕೇಳಿದಳು. ಹೇಳಿದೆ. ಅವಳು ಕುಡಗೋಲಿನಿಂದ ದಾರ ಕೊಯ್ದು ಗಿಡ ಇಳಿಸಿದಳು. ಎಸೆಯಲಿಲ್ಲ. ಸೀರೆಯ ಚೂರು ಸುತ್ತಿ, ಹತ್ತಿರ ಬಂದು ನನ್ನ ಉಡಿಯಲ್ಲಿ ಇಟ್ಟಳು.

“ನಿಮ್ಮವ್ವಂದು, ಒಯ್ಯರಿ. ಹಳೇ ಮಣ್ಣಾಗ ಹಚ್ಚಬ್ಯಾಡ್ರಿ. ಹೊಳಿ ಉಸುಕು ತಗೊಂಡು ಹೋಗ್ರಿ.”

ಆಮೇಲೆ ಮೂಲೆಯ ಬುಟ್ಟಿಯನ್ನು ನೆಟ್ಟಗೆ ಮಾಡಿ, ಒದ್ದೆ ಬಟ್ಟೆಯಿಂದ ಧೂಳು ಒರೆಸತೊಡಗಿದಳು. ನಾನು ಇನ್ನೂ ನಿಂತಿದ್ದೆ, ಅವಳು ಮತ್ತೆ ನನ್ನ ಕಡೆ ನೋಡಲಿಲ್ಲ.

ಮಾವ ಮುಂದೆ ಕನ್ನಡ ಕಲಿತರು, ಕೆಲಸ ಉಳಿಯಿತು. ಅವರ ಕನ್ನಡ ಅಕ್ಷರ ಕೊನೆಯವರೆಗೂ ಕೆಟ್ಟದಾಗಿಯೇ ಇತ್ತು. ಆ ಗಿಡದ ಮರಿಗಳ ಮರಿಗಳು ಇಂದಿಗೂ ನಮ್ಮ ಹಿತ್ತಲಲ್ಲಿವೆ. ಪ್ರತಿ ಭಾನುವಾರ ಒಂದೊಂದು ಕುಂಡ ಬೋರಲು ಹಾಕಿ ಬೇರು ನೋಡುತ್ತೇನೆ, ನನಗೆ ಹುಚ್ಚು ಎನ್ನುತ್ತಾರೆ. ಯಾರದು ಈ ಗಿಡ ಎಂದು ಬಂದವರು ಕೇಳಿದರೆ ನಮ್ಮವ್ವನದು ಎಂದೇ ಹೇಳುತ್ತೇನೆ. ಮೀನು ಮಾರುವವಳು ಉಳಿಸಿ ಕೊಟ್ಟದ್ದು ಎನ್ನಲು ನನಗೆ ಇವತ್ತಿಗೂ ನಾಲಿಗೆ ಹೊರಳುವುದಿಲ್ಲ.